ಅಜ್ಜಿ ಕನ್ನಡವನ್ನು ಎರಡನೇ ಸಲ ಕಲಿತದ್ದು

ನಮ್ಮಪ್ಪನ ತಾಯಿ ಹುಟ್ಟಿದ್ದು ಗೌನಿಪಲ್ಲಿಯ ಹತ್ತಿರ, ಮಾವಿನ ತೋಪಿನ ಅಂಚಿಗಿದ್ದ ಒಂದು ತೆಲುಗು ಮನೆಯಲ್ಲಿ. ಹುತ್ತೂರಿನ ಪಕ್ಕದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದಾಗ ಅವಳಿಗೆ ಕನ್ನಡ ಬರುತ್ತಲೇ ಇರಲಿಲ್ಲವಂತೆ. ನಾನು ಕಂಡ ಅಜ್ಜಿ ಮಾತ್ರ ಕನ್ನಡದಲ್ಲೇ ಬೈಯುತ್ತಿದ್ದಳು, ಕನ್ನಡದಲ್ಲೇ ಸಂತೆಯಲ್ಲಿ ಚೌಕಾಸಿ ಮಾಡುತ್ತಿದ್ದಳು. ತವರಿನವರು ಬಂದಾಗ ಅವಳ ತೆಲುಗು ಹೊರಗೆ ಬರುತ್ತಿತ್ತು, ಅವರನ್ನು ಬಸ್ಸು ಹತ್ತಿಸಿದ ಮೇಲೆ ಮತ್ತೆ ಒಳಗೆ ಹೋಗುತ್ತಿತ್ತು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಜ್ಜಿಗೆ ಅರವತ್ತು ದಾಟಿತ್ತು. ವರ್ಷ ಕಳೆದ ಹಾಗೆ ಅವಳ ಪದ್ಧತಿಗಳು ಗಟ್ಟಿಯಾಗುತ್ತಾ ಹೋದವು. ಮುದ್ದೆಗೆ ಅದೇ ಮಡಕೆ, ಅದೇ ಕೋಲು. ರೇಷ್ಮೆ ಹುಳುವಿನ ಕೋಣೆಯಲ್ಲಂತೂ ಅವಳದ್ದೇ ಕಾನೂನು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಎತ್ತರದ ಸ್ಟ್ಯಾಂಡಿಗೆ ಮೇಲಿನಿಂದ ಕೆಳಕ್ಕೇ ಸೊಪ್ಪು ಹಾಕುತ್ತಾ ಬರಬೇಕು. ಅಮ್ಮ ಒಮ್ಮೆ ಕೆಳಗಿನ ತಟ್ಟೆಯಿಂದ ಶುರು ಮಾಡಿದ್ದಕ್ಕೆ ಹಾಕಿದ ಸೊಪ್ಪನ್ನೆಲ್ಲ ತೆಗೆಸಿ ಮೇಲಿನಿಂದ ಮತ್ತೆ ಹಾಕಿಸಿದ್ದಳು.

ಶ್ರೀನಿವಾಸಪುರದಲ್ಲಿ ನಮ್ಮ ಕಡೆಯ ಬಸ್ಸು ನಿಲ್ಲುವ ಜಾಗ ಬದಲಾದಾಗ ನಡೆದದ್ದು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಹಳೆಯ ಹುಣಸೆ ಮರದ ಕೆಳಗೇ ಹೋಗಿ ನಿಂತಳು. ಹೊಸ ಜಾಗವನ್ನು ಅವಳೂ ನೋಡಿದ್ದಳು, ಹೋಗುವಾಗ ಅಲ್ಲೇ ಇಳಿದಿದ್ದೆವು. ಆದರೂ ಮರಳುವಾಗ ಕಾಲು ಹುಣಸೆ ಮರಕ್ಕೇ ಹೋಯಿತು. ಮುಂದಿನ ಸಲವೂ ಹಾಗೇ ಆಯಿತು. ಅದರ ಮುಂದಿನ ಸಲ ತಾನೇ ನಕ್ಕುಬಿಟ್ಟಳು.

"ತಲೆಗೆ ಗೊತ್ತಾಗೈತೆ ಕಣೇ, ಕಾಲಿಗೆ ಗೊತ್ತಾಗಿಲ್ಲ," ಅಂದಳು.

ನಾನು ಕೋಲಾರದಲ್ಲಿ ಕಾಲೇಜು ಓದುತ್ತಿದ್ದ ವರ್ಷ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ಒಂದು ಬೆಳಿಗ್ಗೆ ಅಜ್ಜಿ ಹುಳುವಿನ ಕೋಣೆಯಲ್ಲಿ ಕುಸಿದು ಬಿದ್ದಳು. ಸೊಪ್ಪಿನ ಬುಟ್ಟಿ ಉರುಳಿದ ಸದ್ದಿಗೆ ನಾವು ಓಡಿದೆವು. ಬಲಗೈ, ಬಲಗಾಲು ಜೋತುಬಿದ್ದಿದ್ದವು, ಬಾಯಿ ಸೊಟ್ಟಗಾಗಿತ್ತು. ಲಕ್ವ ಹೊಡೆದಿದೆ ಎಂದು ಅಪ್ಪ ನೋಡಿದ ಕೂಡಲೇ ಹೇಳಿದರು. ಊರಿನವರೊಬ್ಬರ ವ್ಯಾನಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು.

ಕೆಲವು ದಿನ ಅವಳು ಮಾತೇ ಆಡಲಿಲ್ಲ. ಆಮೇಲೊಂದು ದಿನ, ಅಮ್ಮ ಗಂಜಿ ಕುಡಿಸುತ್ತಿದ್ದಾಗ, ಅಜ್ಜಿ ಅವಳ ಮುಖ ನೋಡಿ ತೊದಲುತ್ತಾ ಅಂದಳು: "ಪುರುಗುಲಕಿ ಆಕು ಏಸ್ತಿರಾ?"

ಅಮ್ಮ ನನ್ನ ಕಡೆ ತಿರುಗಿದಳು. ಅಮ್ಮನ ತವರು ಮಾಲೂರಿನ ಕಡೆ. ಗಂಡನ ಮನೆಗೆ ಬಂದ ಮೇಲೂ ಅತ್ತೆ ಕನ್ನಡದಲ್ಲೇ ಮಾತಾಡುತ್ತಿದ್ದರಿಂದ ಅವಳಿಗೆ ತೆಲುಗು ಕಲಿಯುವ ಅಗತ್ಯ ಬಿದ್ದಿರಲಿಲ್ಲ. ನನಗೆ ಕಾಲೇಜಿನ ಗೆಳತಿಯರಿಂದ ಸ್ವಲ್ಪ ಬರುತ್ತಿತ್ತು.

"ಹುಳಕ್ಕೆ ಸೊಪ್ಪು ಹಾಕಿದ್ರಾ ಅಂತ ಕೇಳ್ತಾ ಅವ್ರೆ," ಅಂದೆ.

"ಹಾಕಿದೀನಿ ಅತ್ತೆ," ಎಂದು ಅಮ್ಮ ಕನ್ನಡದಲ್ಲಿ ಹೇಳಿದಳು. ಅಜ್ಜಿ ಅವಳ ಬಾಯನ್ನೇ ನೋಡುತ್ತಾ ಕೂತಳು. ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಮುಖ ಇರುತ್ತದಲ್ಲ, ಅಂಥ ಮುಖ. ಬಾಳಿನ ಬಹುಪಾಲು ಆಡಿದ ಭಾಷೆ ಅವಳನ್ನು ಬಿಟ್ಟು ಹೋಗಿತ್ತು. ಮದುವೆಗೆ ಮೊದಲು ಆಡಿದ್ದು ಮಾತ್ರ ಉಳಿದಿತ್ತು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ತಮ್ಮ ತಲೆಯ ಎಡಭಾಗವನ್ನು ಮುಟ್ಟಿ ತೋರಿಸಿದರು. "ಇಲ್ಲಿಗೆ ರಕ್ತ ಹೋಗೋದು ನಿಂತುಹೋಗಿದೆ. ಮಾತು ಇರೋದೂ ಇಲ್ಲೇ, ಬಲಗೈ ಆಡಿಸೋದೂ ಇಲ್ಲೇ. ಹೋದ ಜಾಗ ಹೋಯ್ತು, ಅದು ಮತ್ತೆ ಹುಟ್ಟಲ್ಲ," ಅಂದರು. ಹಾಗಾದರೆ ಕನ್ನಡ ಮತ್ತೆ ಬರುವುದಿಲ್ಲವೇ ಎಂದು ಕೇಳಿದೆ. "ಈ ವಯಸ್ಸಲ್ಲಿ ಹೇಳೋಕಾಗಲ್ಲಮ್ಮ. ಮನೇಲಿ ಮಾತಾಡಿಸ್ತಾ ಇರಿ," ಅಂದರು.

ಅಮ್ಮ ಆ ಮಾತನ್ನು ಹಿಡಿದುಕೊಂಡಳು. ಮನೆಗೆ ಬಂದ ಮೇಲೆ ತೆಲುಗು ಕಲಿಯಲು ತಾನೇ ಕೂತಳು. ಅಜ್ಜಿ ಹೇಳಿದ ಮಾತನ್ನು ಒಲೆಯ ಮುಂದೆ ಗೊಣಗುತ್ತಿದ್ದಳು, ತಪ್ಪಿದರೆ ನನ್ನನ್ನು ಕೇಳುತ್ತಿದ್ದಳು. ಹೀಗೆ ಕಲಿಯುತ್ತಿರುವಾಗಲೇ ಅವಳಿಗೆ ಒಂದು ಸಂಗತಿ ಹೊಳೆಯಿತು.

"ನೋಡೇ, ಅವರದ್ದು ಪಾಲು, ನಮ್ದು ಹಾಲು. ಅವರದ್ದು ಪಂಡು, ನಮ್ದು ಹಣ್ಣು. ಪುವ್ವು ಅಂದ್ರೆ ಹೂವು. ಪೇರು ಅಂದ್ರೆ ಹೆಸರು. ಪಕಾರ ತೆಗೆದು ಹಕಾರ ಹಾಕಿದ್ರೆ ಅರ್ಧ ದಾರಿ ಬಂದಂಗೆ," ಅಂದಳು.

ಅಜ್ಜಿಗೂ ಅದೇ ದಾರಿ ಹಿಡಿಸಿದಳು. ದಿನಾ ಬೆಳಿಗ್ಗೆ ಲೋಟ ಹಿಡಿದು ಎದುರಿಗೆ ಕೂರುವಳು. ಅಜ್ಜಿ "ಪಾಲು" ಅನ್ನುವಳು. ಅಮ್ಮ ಅವಳ ಅಂಗೈಯನ್ನು ತನ್ನ ಬಾಯಿಯ ಹತ್ತಿರ ತಂದು, ಉಸಿರು ತಾಕುವ ಹಾಗೆ "ಹಾಲು" ಅನ್ನುವಳು. ಅಜ್ಜಿ ಮತ್ತೆ "ಪಾಲು" ಅನ್ನುವಳು. ಹೀಗೇ ಒಂದು ಬೆಳೆ ಹುಳು ಗೂಡು ಕಟ್ಟಿ, ಮಾರುಕಟ್ಟೆಗೆ ಹೋಗಿ, ಹೊಸ ಮರಿಗಳೂ ಬಂದವು. ಅಜ್ಜಿ ಪಾಲು ಅನ್ನುತ್ತಲೇ ಇದ್ದಳು. ಅಪ್ಪ ಬೇಸತ್ತು, "ಬಿಡೇ, ಅವ್ವನಿಗೆ ಯಾಕೆ ಹಿಂಸೆ ಕೊಡ್ತೀಯ, ತೆಲುಗಲ್ಲೇ ಇರ್ಲಿ," ಅಂದರು. ಅಮ್ಮ ಕೇಳಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ಲೋಟ ಕೊಟ್ಟು, ಏನೂ ಹೇಳದೆ ಒಲೆಯ ಕಡೆ ಹೋಗಿದ್ದಳು. ಅಜ್ಜಿ ಲೋಟದೊಳಗೆ ನೋಡುತ್ತಾ, ತನ್ನ ಅಂಗೈಯನ್ನು ತಾನೇ ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಉಸಿರು ಬಿಟ್ಟಳು. "ಹಾ... ಹಾಲು." ನಾನು ಅಲ್ಲೇ ಕೂತು ಓದುತ್ತಿದ್ದೆ. ಅವಳು ನನ್ನ ಕಡೆ ನೋಡಿದಳು, ಸರಿಯೋ ತಪ್ಪೋ ಎಂದು ಕೇಳುವ ಹಾಗೆ. ಸರಿಯೆಂದು ತಲೆಯಾಡಿಸಿದೆ.

ಆಮೇಲೆ ನಡೆದದ್ದನ್ನು ನಾನು ಇವತ್ತಿಗೂ ಬೆರಗಿನಿಂದ ನೆನೆಯುತ್ತೇನೆ. ಅಜ್ಜಿ ಆ ಒಂದು ಮಾತಿಗೇ ನಿಲ್ಲಲಿಲ್ಲ. ಆ ನಿಯಮವನ್ನು ಎತ್ತಿಕೊಂಡು ಸಿಕ್ಕಿದ ಕಡೆಗೆಲ್ಲ ಹಾಕತೊಡಗಿದಳು. ಹಣ್ಣಿಗೆ "ಹಂಡು" ಅಂದಳು. ಒಂದು ದಿನ ಬೆಕ್ಕು ಹೊಸ್ತಿಲು ದಾಟಿ ಬಂದಾಗ ಕೈ ತೋರಿಸಿ, "ಹಿಲ್ಲಿ ಬಂತು," ಅಂದಳು. ಅಮ್ಮ, ನಾನು ಮುಖ ಮುಖ ನೋಡಿಕೊಂಡೆವು. ತೆಲುಗಿನಲ್ಲಿ ಬೆಕ್ಕಿಗೆ ಪಿಲ್ಲಿ ಅನ್ನುತ್ತಾರೆ. ಹಿಲ್ಲಿ ಎನ್ನುವ ಮಾತು ಯಾವ ಭಾಷೆಯಲ್ಲೂ ಇಲ್ಲ. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಹುಣಸೆ ಮರದ ಕೆಳಗಿನಿಂದ ಕದಲದಿದ್ದ ಆ ಮುದುಕಿಯ ಮೆದುಳು, ಒಂದು ಭಾಗ ಸತ್ತ ಮೇಲೆ, ಮಾತು ಕಲಿಯುವ ಮಗುವಿನ ಹಾಗೆ ತಾನೇ ಲೆಕ್ಕ ಹಾಕಿ ಹೊಸ ಮಾತು ಹುಟ್ಟಿಸಿತ್ತು.

"ಹಿಲ್ಲಿ ಅಲ್ಲ ಅತ್ತೆ, ಬೆಕ್ಕು," ಅಂದಳು ಅಮ್ಮ, ನಗು ತಡೆದುಕೊಂಡು.

"ಬೆಕ್ಕು," ಅಂದಳು ಅಜ್ಜಿ. ಸ್ವಲ್ಪ ಯೋಚಿಸಿ, "ಅದ್ಯಾಕೆ?" ಎಂದು ಕೇಳಿದಳು. ಆ ಪ್ರಶ್ನೆಯನ್ನೂ ಕನ್ನಡದಲ್ಲೇ ಕೇಳಿದ್ದು ಅವಳ ಗಮನಕ್ಕೆ ಬರಲಿಲ್ಲ.

ವರ್ಷ ತಿರುಗುವಷ್ಟರಲ್ಲಿ ಕನ್ನಡ ಬಹುಮಟ್ಟಿಗೆ ವಾಪಸು ಬಂತು. ಆದರೆ ಅದು ಹಳೆಯ ಕನ್ನಡವಾಗಿರಲಿಲ್ಲ. ನಿಧಾನವಾಗಿತ್ತು, ನಡುನಡುವೆ ತೆಲುಗಿನ ತೇಪೆ ಇತ್ತು. ಬೈಗುಳಗಳು ಮಾತ್ರ ಯಾಕೋ ಬರಲೇ ಇಲ್ಲ. ಬಲಗೈಯೂ ಪೂರ್ತಿ ಬರಲಿಲ್ಲ. ಎಡಗೈಯಲ್ಲಿ ತಿನ್ನುವುದಕ್ಕೆ ಮೊದಮೊದಲು ಅತ್ತಳು, ಆಮೇಲೆ ಅಭ್ಯಾಸವಾಯಿತು. ಈಳಿಗೆಮಣೆಯನ್ನು ಕಾಲಿನಿಂದ ಒತ್ತಿ, ಹಿಪ್ಪುನೇರಳೆ ಸೊಪ್ಪಿನ ಕಟ್ಟನ್ನು ಎಡಗೈಯಲ್ಲಿ ಹಿಡಿದು ಹೆಚ್ಚುವುದನ್ನು ಕಲಿತಳು. ಎತ್ತರದ ಸ್ಟ್ಯಾಂಡಿಗೆ ಕೈ ಎಟುಕುತ್ತಿರಲಿಲ್ಲ. ಒಂದು ದಿನ ಅಪ್ಪನನ್ನು ಕರೆದು, "ತಟ್ಟೆಗಳ್ನ ಕೆಳಗಡೆ ಹಾಕ್ಕೊಡು. ಕೂತ್ಕೊಂಡು ಹಾಕ್ತೀನಿ. ಎಲ್ಲಿಂದ ಶುರು ಮಾಡಿದ್ರೇನು, ತಿನ್ನೋದು ಹುಳ," ಅಂದಳು. ಅಪ್ಪ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡು ತಟ್ಟೆಗಳನ್ನು ಕೆಳಗಿಳಿಸಿದರು. ಒಂದೇ ದಾರಿ ಇದ್ದಾಗ ಅದನ್ನೇ ಹಿಡಿದು ಕೂತವಳು, ಆ ದಾರಿ ಮುಚ್ಚಿದ ಮೇಲೆ ಹೀಗೆ ಹೊಸದನ್ನು ಹುಡುಕುತ್ತಾಳೆಂದು ನಾವು ಯಾರೂ ಎಣಿಸಿರಲಿಲ್ಲ.

ಎಂಬತ್ತರ ದಶಕದ ನಡುವೆ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಆಗ ನಾನು ಕೆಲಸಕ್ಕೆ ಸೇರಿದ್ದೆ, ಮದುವೆಯೂ ಆಗಿತ್ತು. ಕೋಲಾರದಲ್ಲಿ ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ದೊಡ್ಡ ಬಳೆಯಂಥ ಯಂತ್ರದೊಳಗೆ ತಲೆ ಇಟ್ಟು ಮಲಗಿಸಿ ಸ್ಕ್ಯಾನ್ ಮಾಡಿದರು. ಪೆಟ್ಟಿನಿಂದ ಅಪಾಯವೇನೂ ಆಗಿರಲಿಲ್ಲ. ಆದರೆ ಅಲ್ಲಿನ ಡಾಕ್ಟರು, ನನಗಿಂತ ಸ್ವಲ್ಪವೇ ದೊಡ್ಡವರಿದ್ದಿರಬಹುದು, ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡುತ್ತಾ ನಿಂತರು. ಆಮೇಲೆ ನನ್ನನ್ನು ಕರೆದರು.

ಅಜ್ಜಿಯ ತಲೆಯೊಳಗನ್ನು ನಾನು ಅವತ್ತು ನೋಡಿದೆ. ಬಿಳಿಯ ಬುರುಡೆಯ ಬಳೆ, ಅದರೊಳಗೆ ಬೂದು ಬಣ್ಣದ ಮೆದುಳು. ಎರಡರ ನಡುವೆ ಸುತ್ತಲೂ ಕಪ್ಪು ಸಂದು.

"ವಯಸ್ಸಾದ ಹಾಗೆ ಎಲ್ಲರ ಮೆದುಳೂ ಹೀಗೇ ಕುಗ್ಗುತ್ತೆ. ಮಡಿಕೆಗಳ ನಡುವೆ ಜಾಗ ಅಗಲ ಆಗುತ್ತೆ. ಹಣೆಯ ಹಿಂದಿನ ಈ ಭಾಗ ಜಾಸ್ತಿ ಸವೆಯುತ್ತೆ," ಎಂದು ಬೆರಳಿಟ್ಟು ತೋರಿಸಿದರು. "ಒಂದು ಯೋಚನೆ ಬಿಟ್ಟು ಇನ್ನೊಂದಕ್ಕೆ ಹೊರಳೋದಕ್ಕೆ ಈ ಭಾಗ ಬೇಕು. ಅದಕ್ಕೇ ವಯಸ್ಸಾದವರಿಗೆ ಹೊಸ ರೀತಿ ಕಷ್ಟ. ನಾವು ಹಟ ಅಂತೀವಿ."

ಎಡಗಡೆ ಒಂದು ಕಡೆ ಪೂರ್ತಿ ಕಪ್ಪಾಗಿತ್ತು, ಹೆಬ್ಬೆಟ್ಟಿನಷ್ಟು. ಅಲ್ಲಿ ಏನೂ ಇರಲಿಲ್ಲ. "ಇದು ಹಳೇ ಲಕ್ವದ ಜಾಗ," ಅಂದರು. "ಫಿಲ್ಮ್ ಮಾತ್ರ ನೋಡಿದ್ರೆ ಇವರಿಗೆ ಮಾತೇ ಇರಲ್ಲ ಅಂದ್ಕೊಳ್ತಿದ್ದೆ. ಇವರು ಬೆಳಗ್ಗೆ ನನ್ನ ಮದುವೆ ವಿಚಾರ ಕೇಳಿದ್ರು."

ಅವರು ಅಜ್ಜಿಯ ಮುಂದೆ ಬಣ್ಣಬಣ್ಣದ ರಟ್ಟಿನ ತುಂಡುಗಳನ್ನು ಹರಡಿ, ಬಣ್ಣದ ಪ್ರಕಾರ ಬೇರೆ ಮಾಡಲು ಹೇಳಿದರು. ಸಲೀಸಾಗಿ ಮಾಡಿದಳು. ಎಲ್ಲವನ್ನೂ ಕಲೆಸಿ, ಈಗ ಆಕಾರದ ಪ್ರಕಾರ, ಗುಂಡಗಿರೋದು ಒಂದು ಕಡೆ, ಚೌಕ ಒಂದು ಕಡೆ ಎಂದರು. ಅಜ್ಜಿಯ ಎಡಗೈ ಮತ್ತೆ ಕೆಂಪಿನ ಜೊತೆಗೆ ಕೆಂಪನ್ನೇ ಇಟ್ಟಿತು. ಡಾಕ್ಟರು ಮತ್ತೆ ಹೇಳಿದರು. ಅವಳು ಹೂಂ ಅಂದಳು, ಮತ್ತೆ ಬಣ್ಣಕ್ಕೇ ಹೋದಳು. ಮುಖದಲ್ಲಿ ಬೆವರು ಬಂತು.

"ಸಾಕು ಬಿಡಿ ಅಜ್ಜಿ," ಅಂದರು ಡಾಕ್ಟರು.

"ಇರಪ್ಪ," ಅಂದಳು ಅಜ್ಜಿ. ಒಂದೊಂದು ತುಂಡನ್ನೂ ಎತ್ತಿ, ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿನಿಂದ ಅಂಚನ್ನು ಸವರಿ ನೋಡತೊಡಗಿದಳು. ಮೂಲೆ ಸಿಕ್ಕಿದರೆ ಒಂದು ಕಡೆ, ಸಿಗದಿದ್ದರೆ ಇನ್ನೊಂದು ಕಡೆ. ಬಣ್ಣ ಕಾಣಿಸದ ಮೇಲೆ ಬಣ್ಣದ ಕಾಟವೂ ಇರಲಿಲ್ಲ. ಎರಡು ಮೂರು ತಪ್ಪಿದವು, ಉಳಿದವೆಲ್ಲ ಸರಿಯಾಗಿ ಕೂತವು.

ಡಾಕ್ಟರು ಮಂಡಿಯೂರಿ ಅವಳ ಸಮಕ್ಕೆ ಕೂತು ನೋಡುತ್ತಿದ್ದರು. ಮುಗಿದ ಮೇಲೆ, "ಕಣ್ಣು ಮುಚ್ಚಿ ಮಾಡಿದ್ದು, ಪರೀಕ್ಷೆಯ ಲೆಕ್ಕದಲ್ಲಿ ಇದು ಫೇಲೇ," ಎಂದು ನಕ್ಕರು. ಆಮೇಲೆ ನನಗೆ ಮೆಲ್ಲಗೆ ಹೇಳಿದರು: "ಹೋದ ಭಾಗದ ಕೆಲಸವನ್ನ ಪಕ್ಕದ ಭಾಗ, ಕೆಲವು ಸಲ ಬಲಗಡೆಯ ಭಾಗ, ಸ್ವಲ್ಪ ಸ್ವಲ್ಪ ವಹಿಸಿಕೊಳ್ಳುತ್ತೆ. ಎಷ್ಟು, ಹೇಗೆ ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ. ದಿನಾ ಮಾತಾಡಿಸಿದೋರು ಯಾರು?"

"ನಮ್ಮಮ್ಮ," ಅಂದೆ.

ವಾಪಸು ಬರುವ ಬಸ್ಸಿನಲ್ಲಿ ಅಜ್ಜಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಆ ತಲೆಯ ಭಾರ ನನ್ನ ಹೆಗಲ ಮೇಲಿತ್ತು. ಅದರೊಳಗಿನ ಕಪ್ಪು ಜಾಗ, ಅದನ್ನು ಬಳಸಿ ಸುತ್ತುಹಾಕಿ ಹೋಗುತ್ತಿರುವ ಯಾವುದೋ ಸಣ್ಣ ಸಣ್ಣ ದಾರಿಗಳು. ಹೊಸಕೋಟೆ ದಾಟುವವರೆಗೂ ನಾನು ಅಲುಗಾಡದೆ ಕೂತಿದ್ದೆ.

ಅವಳ ಕೊನೆಯ ವರ್ಷಗಳಲ್ಲಿ ಒಂದು ಚಳಿಗಾಲ ಅಜ್ಜಿ ಮುಳಬಾಗಿಲಿನ ನನ್ನ ಮನೆಗೆ ಬಂದು ಉಳಿದಳು. ಅಷ್ಟರಲ್ಲಿ ಮರೆವು ಹೆಚ್ಚಾಗಿತ್ತು. ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ನನ್ನನ್ನು ಒಮ್ಮೊಮ್ಮೆ ತನ್ನ ತಂಗಿಯೆಂದು ತಿಳಿದು ಗೌನಿಪಲ್ಲಿಯ ಸುದ್ದಿ ಕೇಳುತ್ತಿದ್ದಳು. ಪಕ್ಕದ ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಹೆಂಗಸಿದ್ದರು. ಮಕ್ಕಳೆಲ್ಲ ಸ್ಕೂಲಿಗೆ ಹೋದ ಮೇಲೆ ನಮ್ಮ ಅಂಗಳಕ್ಕೆ ಬಂದು ಅಜ್ಜಿಯ ಜೊತೆ ಕೂತು ಬೆಳ್ಳುಳ್ಳಿ ಬಿಡಿಸುವರು. ಅವರಿಗೆ ಬರುವ ಕನ್ನಡ ಅಷ್ಟಕ್ಕಷ್ಟೇ, ಅಜ್ಜಿಗೆ ಉರ್ದು ಏನೂ ಬಾರದು. ಆದರೂ ಮಾತು ನಿಲ್ಲುತ್ತಿರಲಿಲ್ಲ.

ಒಂದು ದಿನ ಅವರು ಆಕಾಶದ ಕಡೆ ಕೈ ತೋರಿಸಿ, "ಧೂಪ್ ಅಚ್ಛೀ ಹೈ ನಾನಿ," ಅಂದರು.

"ಧೂಪ? ದೇವರ ಮುಂದೆ ಹಾಕೋದಾ?" ಎಂದು ಅಜ್ಜಿ ಮೂಗರಳಿಸಿ ಹೊಗೆಯ ವಾಸನೆ ಹುಡುಕಿದಳು.

"ನೈ ನೈ, ಇದು," ಎಂದು ಅವರು ಅಜ್ಜಿಯ ಕೈಯನ್ನು ನೆರಳಿನಿಂದ ಎತ್ತಿ ಬಿಸಿಲಿಗೆ ಇಟ್ಟರು. ಮಾರನೆಯ ದಿನ ಅಜ್ಜಿಗೆ ಅದು ಮರೆತುಹೋಗಿತ್ತು. ಅವರು ಮತ್ತೆ ಕೈಯನ್ನು ಬಿಸಿಲಿಗೆ ಇಟ್ಟರು. ದಿನಗಟ್ಟಲೆ ಇದೇ ನಡೆಯಿತು. ಅಜ್ಜಿ ಪ್ರತಿಸಲವೂ ದೇವರ ಧೂಪದಿಂದಲೇ ಶುರು ಮಾಡುವಳು.

ಸಂಕ್ರಾಂತಿಯ ಹತ್ತಿರದ ಒಂದು ಬೆಳಿಗ್ಗೆ ಮಂಜು ಕವಿದಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅಜ್ಜಿ ಗೋಡೆಗೆ ಒರಗಿ, ಶಾಲು ಹೊದ್ದು ಕೂತಿದ್ದಳು. ಮಂಜು ತೆಳುವಾಗಿ ಅಂಗಳದ ಒಂದು ಮೂಲೆಗೆ ಬೆಳಕು ಬಿತ್ತು. ಅವಳು ಚಾಪೆಯನ್ನು ಎಡಗೈಯಿಂದ ಎಳೆದುಕೊಂಡು ನಿಧಾನವಾಗಿ ಅಲ್ಲಿಗೆ ಸರಿದಳು. ಅಂಗೈಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಾಂಪೌಂಡಿನ ಕಡೆ ತಿರುಗಿ, ಪಕ್ಕದ ಮನೆಗೆ ಕೇಳುವ ಹಾಗೆ ಕೂಗಿದಳು.

"ಏಮ್ಮಾ, ಧೂಪ್ ಬಂತು. ಬಾ, ಕೂತ್ಕೋ."