ಬಾಕಿ ಉಳಿದ ಎರಡು ಸುತ್ತು

ಇಥಿಯೋಪಿಯಾದ ಆ ದೊಡ್ಡ ಅಣೆಕಟ್ಟು ಉದ್ಘಾಟನೆಯಾಯಿತೆಂಬ ಸುದ್ದಿ ಫೋನಿನಲ್ಲಿ ಬಂದಾಗ ನಾನು ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿಕೊಂಡು ಚಿತ್ರಗಳನ್ನು ನೋಡುತ್ತ ನಿಂತುಬಿಟ್ಟೆ. ಗುಡ್ಡಗಳ ನಡುವೆ ಬಿಳಿ ಗೋಡೆ, ಅದರ ಹಿಂದೆ ಕಣ್ಣು ಹಾಯುವವರೆಗೂ ನೀರು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

"ಏನ ಸುಡಾಕತ್ತೀದಿ ಅಲ್ಲಿ?" ಎಂದು ಗಂಡ ಮಹಡಿಯಿಂದ ಕೂಗಿದ.

"ನೈಲ್ ನದಿ," ಎಂದೆ.

ಮಹಡಿಯ ಬಾಗಿಲು ಮುಚ್ಚಿದ ಸದ್ದಾಯಿತು. ನನ್ನ ಜೊತೆ ಬಾಳಿ ಬಾಳಿ ಅವನಿಗೆ ರೂಢಿಯಾಗಿದೆ.

ಪರದೇಶದ ಸ್ನೊಕ್ವಾಲ್ಮಿ ಎಂಬ ಊರಿನ ಈ ಮನೆಯಲ್ಲಿ ನನಗೆ ಯಾವುದಕ್ಕೂ ಕೊರತೆಯಿಲ್ಲ. ಕಿಟಕಿ ತೆರೆದರೆ ಬೆಟ್ಟ, ಬಾಗಿಲು ತೆರೆದರೆ ಕತ್ತರಿಸಿದ ಹುಲ್ಲು. ಆದರೆ ಹೇಳದೆ ಕೇಳದೆ ಬಾಗಿಲು ಬಡಿಯುವವರು ಇಲ್ಲಿ ಯಾರೂ ಇಲ್ಲ. ಪಕ್ಕದ ಮನೆಯವರು ನಿಂಬೆಹಣ್ಣು ಬೇಕಾದರೂ ಮೊದಲು ಮೆಸೇಜ್ ಮಾಡುತ್ತಾರೆ. ಆಗೆಲ್ಲ ನನಗೆ ಕಾರಿನಲ್ಲಿ ಅರ್ಧ ಗಂಟೆ ದೂರದ ರೆಂಟನ್ನಿನ, ನಾವು ಮೊದಲಿದ್ದ ಆ ಹಳೆಯ ಅಪಾರ್ಟ್‌ಮೆಂಟ್ ನೆನಪಾಗುತ್ತದೆ.

ಅದೇನು ಅರಮನೆಯಲ್ಲ. ಮೇಲಿನವರು ಎದ್ದು ನಡೆದರೆ ನಮ್ಮ ಸೂರು ಕಿರುಗುಟ್ಟುತ್ತಿತ್ತು. ಬಾಲ್ಕನಿಗೆ ಬಂದರೆ ಪಕ್ಕದ ವಿಮಾನ ಕಾರ್ಖಾನೆಯಿಂದ ಹೊರಟ, ಇನ್ನೂ ಬಣ್ಣ ಕಾಣದ ಹಸಿರು ಮೈಯ ಹೊಸ ವಿಮಾನಗಳು ತಲೆಯ ಮೇಲೆಯೇ ಹಾರಿಹೋಗುತ್ತಿದ್ದವು. ನಮ್ಮ ಮೇಲಿನ ಮನೆಯಲ್ಲಿ ಇಥಿಯೋಪಿಯಾದವಳೊಬ್ಬಳಿದ್ದಳು, ವೃದ್ಧಾಶ್ರಮದಲ್ಲಿ ನರ್ಸ್. ಎದುರು ಮನೆಯಲ್ಲಿ ಸುಡಾನಿನವಳು, ಕಾಲೇಜಿನಲ್ಲಿ ಗಣಿತ ಕಲಿಸುವವಳು. ಮೂವರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಮೂವರಿಗೂ ಬಾಯಿ ಜೋರು. ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿಯೇ, ಆದರೆ ನನ್ನ ನೆನಪಿನಲ್ಲಿ ಅವರಿಬ್ಬರೂ ಕನ್ನಡದಲ್ಲೇ ಮಾತಾಡುತ್ತಾರೆ. ಏನು ಮಾಡಲಿ, ನೆನಪು ನನ್ನದು.

ಶನಿವಾರ ಮಧ್ಯಾಹ್ನ ಮೇಲಿನ ಮನೆಯಲ್ಲಿ ಕಾಫಿ. ಅವರ ಕಾಫಿ ನಮ್ಮ ಹಾಗೆ ನಿಂತಲ್ಲೇ ಗುಟುಕರಿಸಿ ಹೋಗುವಂಥದ್ದಲ್ಲ. ಹಸಿ ಬೀಜವನ್ನು ನಮ್ಮೆದುರೇ ಹುರಿಯುತ್ತಾಳೆ, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಬಳಿಗೂ ಹಿಡಿಯುತ್ತಾಳೆ. ಅಷ್ಟರಲ್ಲಿ ಸೂರಿನಲ್ಲಿರುವ, ಹೊಗೆ ತಾಗಿದರೆ ಕೂಗುವ ಅಲಾರಂ ಬಡಿದುಕೊಳ್ಳತೊಡಗುತ್ತದೆ, ನಾನು ಕುರ್ಚಿ ಹತ್ತಿ ಅದಕ್ಕೆ ಟವೆಲ್ ಬೀಸುತ್ತೇನೆ. ಆಮೇಲೆ ಪುಡಿ ಮಾಡಿ, ಉದ್ದ ಕತ್ತಿನ ಕರಿ ಮಣ್ಣಿನ ಹೂಜಿಯಲ್ಲಿ ಕುದಿಸಿ, ಕಿವಿಯಿಲ್ಲದ ಪುಟ್ಟ ಕಪ್ಪುಗಳಿಗೆ ಸುರಿಯುತ್ತಾಳೆ. ಜೊತೆಗೆ ಪಾಪ್‌ಕಾರ್ನ್.

ಮೊದಲ ಸಲ ಹೋದ ದಿನ ನಾನೊಂದು ಘನಕಾರ್ಯ ಮಾಡಿದೆ. ಒಂದು ಕಪ್ ಕುಡಿದಾಯಿತು, ಹೂಜಿಯ ತಳದಲ್ಲಿ ಗಸಿ ಕೂತಿತ್ತು. ಹೋದ ಮನೆಯಲ್ಲಿ ಮುಸುರೆ ಬಿಟ್ಟು ಕೂರುವುದು ನಮ್ಮವ್ವ ಕಲಿಸಿದ ಪಾಠವಲ್ಲ. ಅವಳು ಫೋನಿನಲ್ಲಿ ಮಾತಾಡುತ್ತಿದ್ದಾಗ ಹೂಜಿಯನ್ನು ಸಿಂಕಿಗೆ ಒಯ್ದು, ಗಸಿಯನ್ನೆಲ್ಲ ಚೆಲ್ಲಿ, ಸೋಪು ಹಾಕಿ ಫಳಫಳ ತೊಳೆದಿಟ್ಟೆ. ಅವಳು ಬಂದು ನೋಡಿ ಕಿರುಚಿದ ರೀತಿಗೆ ಯಾರಾದರೂ ಸತ್ತರೇನೋ ಅಂದುಕೊಂಡೆ.

"ಅಯ್ಯೋ, ಇನ್ನೂ ಎರಡು ಸುತ್ತು ಇತ್ತು!" ಎಂದಳು.

ಆಗ ತಿಳಿಯಿತು. ಅದೇ ಗಸಿಗೆ ಮತ್ತೆ ನೀರು ಹಾಕಿ ಎರಡನೆಯ ಸುತ್ತು, ಮತ್ತೊಮ್ಮೆ ಹಾಕಿ ಮೂರನೆಯದು. ಒಂದಕ್ಕಿಂತ ಒಂದು ತೆಳು. ಆದರೆ ಮೂರನೆಯದೇ ಆಶೀರ್ವಾದದ ಸುತ್ತು, ಅದನ್ನು ಕುಡಿಯದೆ ಯಾರೂ ಏಳುವಂತಿಲ್ಲ. ಮೊದಲನೆಯದಕ್ಕೇ ಎದ್ದು ಹೋದರೆ ಕೊಟ್ಟವಳ ಮುಖಕ್ಕೆ ಹೊಡೆದ ಹಾಗೆ. ಎದುರು ಮನೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಸುಡಾನಿನಲ್ಲೂ ಅಂಥದೇ ಹೂಜಿಯಿದೆಯಂತೆ, ಶುಂಠಿ ಹಾಕುತ್ತಾರಂತೆ. ಹೂಜಿ ಮೊದಲು ಯಾರದ್ದು ಎಂದು ಅವರಿಬ್ಬರೂ ಜಗಳ ತೆಗೆದರು. ಅದು ಬರೀ ಆಟದ ಜಗಳ. ಅವತ್ತಿನಿಂದ ನನ್ನನ್ನು ಆ ಮನೆಯ ಸಿಂಕಿನ ಹತ್ತಿರ ಸುಳಿಯಲು ಬಿಡಲಿಲ್ಲ.

ಎದುರು ಮನೆಯವಳೂ ನಾನೂ ಹತ್ತಿರವಾಗಿದ್ದು ನೀರಿನಿಂದ. ನಾನು ಹುಟ್ಟಿ ಬೆಳೆದ ಹಳೆ ಬಾಗಲಕೋಟೆಯ ಓಣಿ ಕೃಷ್ಣೆಯ ಹಿನ್ನೀರಿಗೆ ಹೋಯಿತು. ಸರ್ಕಾರದವರು ಬಂದು ಗೋಡೆಗೆ ನಂಬರು ಬರೆದು ಹೋದರು. ಅಪ್ಪ ತಲೆಬಾಗಿಲನ್ನು ಚೌಕಟ್ಟು ಸಮೇತ ಕಿತ್ತು, ಟ್ರ್ಯಾಕ್ಟರಿನಲ್ಲಿ, ಮುಳುಗಡೆಯಾದವರಿಗೆಂದು ಕಟ್ಟಿದ ನವನಗರಕ್ಕೆ ಸಾಗಿಸಿದರು. ಹೊಸ ಮನೆಯ ಬಾಗಿಲು ಅದಕ್ಕಿಂತ ಗಿಡ್ಡ, ಹಳೆಯ ಬಾಗಿಲು ವರ್ಷಗಟ್ಟಲೆ ಗೋಡೆಗೆ ಒರಗಿಕೊಂಡೇ ಇತ್ತು. ಹೋಳಿ ಹುಣ್ಣಿಮೆಗೆ ನಮ್ಮ ಓಣಿಯ ಹುಡುಗರು ಹಲಗೆ ಬಾರಿಸಿದರೆ ಎದೆಯೊಳಗೆ ಗುದ್ದಿದ ಹಾಗಾಗುತ್ತಿತ್ತು. ನವನಗರದ ಅಗಲ ರಸ್ತೆಗಳಲ್ಲಿ ಅದೇ ಹಲಗೆಯ ಸದ್ದು ಚದುರಿಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಅವ್ವ ದಂಡೆಗೆ ಹೋಗಿ ನಿಂತು, "ಅಲ್ಲಿ ನಮ್ಮ ಕಟ್ಟಿ, ಇಲ್ಲಿ ಹಿಟ್ಟಿನ ಗಿರಣಿ," ಎಂದು ಬರೀ ಕೆಸರನ್ನು ತೋರಿಸುತ್ತಿದ್ದಳು.

ಇದನ್ನು ಹೇಳಿದಾಗ ಎದುರು ಮನೆಯವಳು ಕಪ್ ಕೆಳಗಿಟ್ಟಳು. ಅವಳ ತಾಯಿಯ ಊರು ಸುಡಾನಿನ ಉತ್ತರದ ತುದಿಯ ವಾದಿ ಹಾಲ್ಫಾ. ಈಜಿಪ್ಟಿನವರು ನೈಲಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಊರಿಗೆ ಊರೇ ಮುಳುಗಿತಂತೆ. ಹುಡುಗಿಯಾಗಿದ್ದ ತಾಯಿಯನ್ನೂ ಅವರ ಮನೆಯವರನ್ನೂ ರೈಲಿಗೆ ಹತ್ತಿಸಿ, ಎಲ್ಲೋ ದೂರದ ಬಯಲಿನಲ್ಲಿ ಹೊಸ ಹಾಲ್ಫಾ ಎಂಬ ಊರಿಗೆ ಇಳಿಸಿದರಂತೆ. ಹೊರಡುವ ಮುಂಚೆ ಅಜ್ಜಿ ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳಂತೆ.

"ನೀವು ಬಾಗಿಲು ತಂದ್ರಿ, ನಾವು ಕೀ ತಂದ್ವಿ," ಎಂದಳು ಅವಳು. "ಇಬ್ರೂ ಸೇರಿದ್ರೆ ಒಂದು ಮನೆ ಆಗುತ್ತೆ ನೋಡು."

ಮೇಲಿನ ಮನೆಯವಳು ನಮ್ಮಿಬ್ಬರ ಕಪ್ಪಿಗೂ ಮತ್ತಷ್ಟು ಸುರಿದಳು. ಅವಳ ದೇಶದಲ್ಲಿ ನೀಲಿ ನೈಲ್ ನದಿಗೆ ಅಣೆಕಟ್ಟು ಏಳುತ್ತಿತ್ತು. ತಾನು ಉಳಿಸಿದ್ದರಲ್ಲಿ ಅವಳೂ ಅದನ್ನು ಕಟ್ಟಲು ಹಣ ಕೊಟ್ಟಿದ್ದಳು. ಫ್ರಿಜ್ಜಿನ ಮೇಲೆ, ಬೇರೆಯವರು ಮೊಮ್ಮಕ್ಕಳ ಫೋಟೋ ಅಂಟಿಸುವ ಜಾಗದಲ್ಲಿ, ಅದರ ಚಿತ್ರವಿತ್ತು. ನಾವು ಯಾರೂ ಆ ಚಿತ್ರದ ಸುದ್ದಿ ಎತ್ತುತ್ತಿರಲಿಲ್ಲ.

ಎತ್ತುವ ದಿನ ಬಂದೇ ಬಂತು. ಕೊರೊನಾ ಕಾಲ. ಮನೆಯೊಳಗೆ ಸೇರುವ ಹಾಗಿರಲಿಲ್ಲ, ಕಟ್ಟಡದ ಹಿಂದಿನ ಹುಲ್ಲಿನ ಮೇಲೆ ದೂರ ದೂರ ಚಾಪೆ ಹಾಸಿಕೊಂಡು ಕೂತಿದ್ದೆವು. ಅಣೆಕಟ್ಟಿನಲ್ಲಿ ಮೊದಲ ಬಾರಿಗೆ ನೀರು ನಿಂತಿತ್ತು. ಮೇಲಿನ ಮನೆಯವಳು ಹಬ್ಬದ ಬಿಳಿ ಬಟ್ಟೆ ಉಟ್ಟು ಬಂದಿದ್ದಳು. ಮೊದಲ ಸುತ್ತು ಸುರಿದು, "ನಮ್ಮ ನೀರಿಗೆ," ಎಂದಳು.

ಎದುರು ಮನೆಯವಳು ಕಪ್ ಖಾಲಿ ಮಾಡಿ, "ನಿಮ್ಮ ನೀರು ಅಂತ ಬೋರ್ಡ್ ಹಾಕಿದೆಯಾ?" ಎಂದಳು. "ಕೆಳಗಡೆ ನಮ್ಮಮ್ಮ ಖಾರ್ಟೂಮಲ್ಲಿ ಕೂತಿದ್ದಾಳೆ. ಮೇಲಿರೋರು ಯಾವಾಗ ಹಿಡೀತಾರೋ, ಯಾವಾಗ ಬಿಡ್ತಾರೋ ಅಂತ ಅವಳು ಕಾಯ್ತಾ ಕೂರಬೇಕಾ? ಒಂದು ಸಲ ಮುಳುಗಿ ಬಂದಿದ್ದಾಳೆ, ಸಾಲದಾ?"

"ನಿಮ್ಮನ್ನ ಮುಳುಗಿಸಿದ್ದು ನಾವಲ್ಲ. ಇಷ್ಟು ಕಾಲ ನಮ್ಮ ಬೆಟ್ಟದ ನೀರು ನಿಮ್ಮ ಕಡೆ ಹರೀತು, ಆಗ ಯಾರಾದ್ರೂ ನಮ್ಮನ್ನ ಕೇಳಿದ್ರಾ? ನಮ್ಮಮ್ಮ ಇವತ್ತಿಗೂ ಸೌದೆ ಹೊಗೇಲಿ ಕಣ್ಣು ಉಜ್ಜಿಕೊಂಡು ಅಡುಗೆ ಮಾಡ್ತಾಳೆ. ನಮಗೂ ಒಂದು ಬಲ್ಬ್ ಬೇಡವಾ?"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. "ನೀನು ಹೇಳು. ನಿಮ್ಮೂರು ಮುಳುಗಿದೆಯಲ್ಲ."

ನಾನು ಅಡಕತ್ತರಿಯಲ್ಲಿ ಸಿಕ್ಕಿಬಿದ್ದೆ. ನಮ್ಮ ಓಣಿಯನ್ನು ನುಂಗಿದ ನೀರೇ ಕಾಲುವೆಯಲ್ಲಿ ಹರಿದು, ಸೋದರತ್ತೆಯ ಒಣ ಹೊಲವನ್ನು ಹಸಿರು ಮಾಡಿದೆ. ಅತ್ತೆ ಅಣೆಕಟ್ಟಿಗೆ ಬಾಗಿನ ಕೊಡುತ್ತಾಳೆ, ಅವ್ವ ಅದರ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ. ಇಲ್ಲಿ ಆಫೀಸಿನಲ್ಲೂ ಕೃಷ್ಣೆಯ ಪಾಲಿನ ಮಾತು ಬಂದರೆ ತೆಲುಗು ಗೆಳತಿಗೂ ನನಗೂ ಊಟದ ಡಬ್ಬಿ ಮುಚ್ಚುವವರೆಗೆ ವಾದ. ಹೀಗಿರುವಾಗ ಏನು ತೀರ್ಪು ಕೊಡಲಿ?

"ಇಬ್ಬರದ್ದೂ ಸರಿ," ಎಂದೆ.

ಅಷ್ಟಕ್ಕೇ ಇಬ್ಬರೂ ಒಂದಾಗಿ ನನ್ನನ್ನು ಬೈದರು. ಆಮೇಲೆ ಎದುರು ಮನೆಯವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮೊದಲನೆಯ ಸುತ್ತಿಗೇ. ಮೇಲಿನ ಮನೆಯವಳು ಹೂಜಿಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದಳು. ನನಗೂ ಎರಡನೆಯ ಸುತ್ತು ಕೊಡಲಿಲ್ಲ. ಗಸಿಯನ್ನು ಹುಲ್ಲಿಗೆ ಸುರಿದು, ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಶನಿವಾರದ ಕಾಫಿ ಅಲ್ಲಿಗೆ ನಿಂತಿತು. ಕೊರೊನಾ ಹೋಯಿತು, ಮುನಿಸು ಹೋಗಲಿಲ್ಲ. ನನಗೆ ಪರದೇಶದಲ್ಲಿ ಸಿಕ್ಕಿದ್ದ ಒಂದೇ ಒಂದು ಹರಟೆ ಕಟ್ಟೆ ಅದು. ಅದೂ ಮುಳುಗಿತಲ್ಲ ಎಂದು ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಗಂಡ ಒಂದೇ ಮಾತಿನಲ್ಲಿ ಮುಗಿಸಿದ: "ನೀ ಯಾಕ ನಡುವ ಬೀಳ್ತಿ? ನೈಲ್ ನದಿ ನಿಮ್ಮಪ್ಪಂದೇನ?"

ಬೀಳದೆ ಇರುವುದು ಹೇಗೆ? ಇಬ್ಬರೂ ನನ್ನನ್ನೇ ಅಂಚೆಯವಳನ್ನಾಗಿ ಮಾಡಿಕೊಂಡಿದ್ದರು. "ಅವಳ ಮೊಣಕಾಲು ಹೇಗಿದೆ?" ಎಂದು ಎದುರು ಮನೆಯವಳು ಕೇಳುತ್ತಿದ್ದಳು. "ಮೆಟ್ಟಿಲು ಹತ್ತಿ ಹೋಗಿ ಕೇಳು," ಎಂದರೆ, "ನಾನ್ಯಾಕೆ ಕೇಳಲಿ?" ಎನ್ನುತ್ತಿದ್ದಳು. ಇಥಿಯೋಪಿಯಾದ ಉತ್ತರದಲ್ಲಿ ಯುದ್ಧ ಶುರುವಾಗಿ ಮೇಲಿನ ಮನೆಯವಳು ಅಡುಗೆ ಊಟ ಬಿಟ್ಟಿದ್ದಾಗ, ಎದುರು ಮನೆಯವಳು ನನ್ನ ಕೈಗೆ ಒಂದು ಡಬ್ಬಿ ತಂದುಕೊಟ್ಟಳು. ಸುಡಾನಿನವರು ಮಾಡುವ ಜೋಳದ ಹಿಟ್ಟಿನ ತೆಳ್ಳನೆಯ ದೋಸೆ, ಮೇಲೆ ಬೆಂಡೆಕಾಯಿ ಸಾರು. "ನೀನೇ ಮಾಡಿದ್ದು ಅಂತ ಹೇಳು," ಎಂದಳು. ಹಾಗೇ ಹೇಳಿದೆ. ಮೇಲಿನವಳು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು, ಆಮೇಲೆ ಡಬ್ಬಿಯನ್ನು ಬರಿದು ಮಾಡಿದಳು.

ಆಮೇಲೆ ಖಾರ್ಟೂಮಿಗೆ ಬೆಂಕಿ ಬಿತ್ತು. ನೀರಿಗಾಗಿ ಅಲ್ಲ, ಅವರದೇ ಸೇನಾಪತಿಗಳ ಕಾದಾಟ. ಎದುರು ಮನೆಯವಳ ತಾಯಿ ಊರಿನ ನಡುವೆ ಸಿಕ್ಕಿಹಾಕಿಕೊಂಡಿದ್ದಳು. ಮೊದಮೊದಲು ಫೋನ್ ಹೋಗುತ್ತಿತ್ತು, ಆಮೇಲೆ ಅದೂ ನಿಂತಿತು. ಅವಳು ಕಾಲೇಜಿಗೆ ರಜೆ ಹಾಕಿ, ಫೋನನ್ನು ಎದುರಿಗಿಟ್ಟುಕೊಂಡು ಕೂತಳು. ನಾನು ರೊಟ್ಟಿ ಪಲ್ಯ ಒಯ್ದು ಕೊಟ್ಟರೆ ಅದು ಹಾಗೇ ಇರುತ್ತಿತ್ತು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೇಲಿನ ಮನೆಯವಳು. ಒಂದು ಕೈಯಲ್ಲಿ ಬಿಸಿ ಹೂಜಿ, ಇನ್ನೊಂದರಲ್ಲಿ ಕಪ್ಪುಗಳ ತಟ್ಟೆ. ಸೀದಾ ಬಂದು ನೆಲದ ಮೇಲೆ ಕೂತಳು. ಬೀಜ ಹುರಿಯಲಿಲ್ಲ, ಹೊಗೆ ತೋರಿಸಲಿಲ್ಲ. ಸುರಿದಾಗ ನೋಡಿದರೆ ಕಾಫಿ ತೆಳ್ಳಗಿತ್ತು.

"ಇದೇನು ಇಷ್ಟು ತೆಳು?" ಎಂದು ಎದುರು ಮನೆಯವಳು ಕೇಳಿದಳು. ಅಷ್ಟು ದಿನಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಎರಡನೇದು," ಎಂದಳು ಮೇಲಿನವಳು. "ಮೊದಲನೇದು ಅವತ್ತೇ ಕುಡಿದಿದ್ದೀಯಲ್ಲ."

ಎದುರು ಮನೆಯವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಮೂರನೆಯದನ್ನು ಸುರಿಯಹೋದಾಗ ಮಾತ್ರ ಕಪ್ಪಿನ ಮೇಲೆ ಅಂಗೈ ಇಟ್ಟಳು. "ಅದು ಈಗ ಬೇಡ. ಅಮ್ಮ ಸಿಕ್ಕಿದ ಮೇಲೆ," ಎಂದಳು. ಮೇಲಿನವಳು ತಲೆಯಾಡಿಸಿದಳು. ಅವತ್ತಿನಿಂದ ದಿನವೂ ಹೂಜಿಯೊಡನೆ ಬಂದಳು, ದಿನವೂ ಎರಡನೆಯದನ್ನಷ್ಟೇ ಕೊಟ್ಟು ಹೋದಳು.

ಫೋನ್ ಬಂದಾಗ ಮೂವರೂ ಅಲ್ಲೇ ಇದ್ದೆವು. ತಾಯಿ ಬಸ್ಸು ಹತ್ತಿ, ಈಜಿಪ್ಟಿನ ಗಡಿ ದಾಟಲು ಬಂದವರ ಜೊತೆ ಹಿನ್ನೀರಿನ ದಂಡೆಯಲ್ಲಿ ಮತ್ತೆ ಕಟ್ಟಿದ ವಾದಿ ಹಾಲ್ಫಾ ಸೇರಿದ್ದಳು. ಹುಡುಗಿಯಾಗಿ ಬಿಟ್ಟು ಹೋದ ಊರಿಗೆ, ಈಗ ಮುದುಕಿಯಾಗಿ, ಓಡಿಬಂದವಳಾಗಿ. ಮಗಳು ಅಳುತ್ತಲೇ ಸ್ಪೀಕರ್ ಹಾಕಿ, ಒಂದೊಂದೇ ಮಾತನ್ನು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು.

"ನೀರಿನ ಮುಂದೆ ಕೂತಿದ್ದೀನಿ ಅಂತಾಳೆ. ಅಜ್ಜಿಯ ಬೀಗದ ಕೈ ಖಾರ್ಟೂಮಲ್ಲೇ ಬಿಟ್ಟು ಬಂದ್ಲಂತೆ. ತಂದಿದ್ರೂ ಬಾಗಿಲು ನೀರೊಳಗಿದೆ ಅಂತ ನಗ್ತಿದ್ದಾಳೆ."

ನಮ್ಮವ್ವ ದಂಡೆಯ ಮೇಲೆ ನಿಂತು ಕೆಸರು ತೋರಿಸುತ್ತಿದ್ದುದು ನನ್ನ ಕಣ್ಣಮುಂದೆ ಬಂತು. ಆ ಕಡೆಯಿಂದ ತಾಯಿ ಏನೋ ಕೇಳಿದಳು. ಪಕ್ಕದಲ್ಲಿ ಯಾರಿದ್ದಾರೆ ಎಂದಂತೆ. ಮಗಳು, ಇಥಿಯೋಪಿಯಾದ ಗೆಳತಿ, ಕಾಫಿ ಕೊಡುತ್ತಿದ್ದಾಳೆ, ಎಂದಳು. ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು.

"ನಿಮ್ಮಮ್ಮನ ಮನೆಗೆ ಆ ಅಣೆಕಟ್ಟಿನ ದೀಪ ಬಂತಾ ಅಂತ ಕೇಳ್ತಿದ್ದಾಳೆ," ಎಂದಳು ಮಗಳು.

ಮೇಲಿನವಳು ನೆಟ್ಟಗೆ ಕೂತಳು. "ಬಂದಿದೆ ಅಂತ ಹೇಳು. ಅಡುಗೆಮನೆಗೆ ಒಂದು."

ಮಗಳು ಹೇಳಿದಳು. ಉತ್ತರ ಕೇಳಿಸಿಕೊಂಡಳು. ಕಣ್ಣು ಒರೆಸಿಕೊಂಡು ಅದನ್ನು ನಮಗೆ ಹೇಳಿದಳು.

"ಉರೀಲಿ ಅಂತಾಳೆ. ನಮ್ಮೂರು ಮುಳುಗಿಸಿದ ಅಣೆಕಟ್ಟಿಂದ ನಮಗೆ ಒಂದು ದೀಪಾನೂ ಬರಲಿಲ್ಲ. ಅವಳ ಅಡುಗೆಮನೇಲಾದ್ರೂ ಉರೀಲಿ, ಅಂತಾಳೆ."

ತನ್ನ ದೇಶದ ಯುದ್ಧಕ್ಕೂ ನಮ್ಮೆದುರು ಅಳದಿದ್ದ ಮೇಲಿನ ಮನೆಯವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಹೂಜಿ ಬಾಗಿಸಿ ಮೂರನೆಯ ಸುತ್ತು ಸುರಿದಳು. ಅರ್ಧ ಕಪ್ಪಿಗೆ, ಅರ್ಧ ಕಾರ್ಪೆಟ್ಟಿಗೆ. ನೀರಿನಂತಿದ್ದ ಆ ಕಾಫಿಗಿಂತ ರುಚಿಯಾದದ್ದನ್ನು ನಾನು ಈವರೆಗೆ ಕುಡಿದಿಲ್ಲ.

ಮರುವರ್ಷ ನಾವು ಸ್ನೊಕ್ವಾಲ್ಮಿಗೆ ಬಂದೆವು. ಅವರಿಬ್ಬರೂ ಅಲ್ಲೇ ಉಳಿದರು.

ಸೀದ ರೊಟ್ಟಿಯನ್ನು ಬದಿಗಿಟ್ಟು, ಕೈ ತೊಳೆದು, ಮೇಲಿನ ಮನೆಯವಳಿಗೆ ಕಾಲ್ ಮಾಡಿದೆ. ಅವಳು ಎತ್ತಿ ಹಲೋ ಎನ್ನುವ ಮುಂಚೆಯೇ ಹಿಂದಿನಿಂದ ಜೋರು ದನಿ ಕೇಳಿತು. ಎದುರು ಮನೆಯವಳು ಬೈಯುತ್ತಿದ್ದಳು. ಒಪ್ಪಂದ ಎಲ್ಲಿದೆ, ಸಹಿ ಎಲ್ಲಿದೆ, ಬರಗಾಲ ಬಂದರೆ ಕೆಳಗಿನವರಿಗೆ ಯಾರು ನೀರು ಬಿಡುತ್ತಾರೆ, ಎಂದು. "ಮೊದಲು ನೀವು ನಿಮ್ಮ ಯುದ್ಧ ನಿಲ್ಲಿಸಿ, ಆಮೇಲೆ ಒಪ್ಪಂದಕ್ಕೆ ಬನ್ನಿ," ಎಂದು ಮೇಲಿನವಳು ಫೋನ್ ಹಿಡಿದುಕೊಂಡೇ ತಿರುಗಿ ಕೂಗಿದಳು.

"ಎಷ್ಟನೇ ಸುತ್ತು?" ಎಂದು ಕೇಳಿದೆ.

"ಮೊದಲನೇದು ಆಯ್ತು."

"ಅವಳು ಎದ್ದಳಾ?"

"ಎಲ್ಲಿಗೆ ಏಳ್ತಾಳೆ? ಚಪ್ಪಲಿ ಬಚ್ಚಿಟ್ಟಿದ್ದೀನಿ. ಬೇಗ ಬಾ, ಮೂರನೇದಕ್ಕೆ ನಿನಗೆ ಕಾಯ್ತೀವಿ."

ನಾನು ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾರಿನ ಕೀ ಹುಡುಕತೊಡಗಿದೆ.