ಕೋಟೆ ಗೆದ್ದವರ ಪಟ್ಟಿ

ನಮ್ಮ ಮನೆಯ ಜಗಲಿಕಲ್ಲಿನಲ್ಲಿ ಒಂದು ದುಂಡನೆಯ ಕುಳಿಯಿದೆ; ನನ್ನ ಕಾಫಿ ಲೋಟಕ್ಕೆ ಅಳತೆ ತೆಗೆದು ಕೊರೆದಂತಿದೆ. ಹಿಂದೆ ಆ ಕುಳಿಯಲ್ಲಿ ಯಗಚಿ ದಡದ ಕೋಟೆಯ ಹೆಬ್ಬಾಗಿಲು ತಿರುಗುತ್ತಿತ್ತು. ಸಂಜೆ ಲೋಟವನ್ನು ಅಲ್ಲಿಟ್ಟು ಅರೆಗಣ್ಣು ಮುಚ್ಚಿದರೆ ಸಾಕು, ಹೊಳೆಯ ಮೇಲೆ ಮಂಜು ಏಳುತ್ತದೆ, ಬೇಲೂರು ಸೀಮೆ ಅಲ್ಲಿಗೇ ಮುಗಿಯುತ್ತದೆ, ಆಚೆ ದಡ ಪರರಾಜ್ಯವಾಗುತ್ತದೆ. ಕೋಟೆಯ ಮೇಲೊಬ್ಬ ಕಾವಲುಗಾರ ಬರಲಿರುವ ಶತ್ರುವಿಗಾಗಿ ಕಾದು ಕಾದು ನನ್ನಂತೆಯೇ ತೂಕಡಿಸುತ್ತಾನೆ. ಶತ್ರು ಬರಲೇ ಇಲ್ಲವೆಂದು ಹಿರಿಯರ ಮಾತು. ನೀರು ಕುಡಿಯಲು ಬಂದ ಆಚೆ ದಡದ ಎಮ್ಮೆಗಳನ್ನೇ ಆ ಪುಣ್ಯಾತ್ಮ ಎಷ್ಟು ಸಲ ದಂಡು ಎಂದು ಭ್ರಮಿಸಿದನೋ.

ಗಡಿ ಸರಿದು, ಕಾವಲುಗಾರ ರಾಗಿ ಹೊಲಕ್ಕಿಳಿದ ಮೇಲೆ ಕೋಟೆ ಬಿತ್ತು. ಕೆಡವಿದವರು ನಾವೇ. ಯಾವ ಆನೆಗೂ ಜಗ್ಗದಂತೆ ಕಟ್ಟಿದ ಗೋಡೆ ನಮ್ಮಜ್ಜನ ಎತ್ತಿನ ಗಾಡಿಗೆ ಜಗ್ಗಿತು. ಬುರುಜುಗಳು ಊರ ತುಂಬ ಕೊಟ್ಟಿಗೆಯ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ಬಚ್ಚಲ ಕಲ್ಲಾಗಿ ಹಂಚಿಹೋದವು. ಉಳಿದದ್ದು ಹೊಳೆಬಾಗಿಲಿನ ಎರಡು ಕಂಬ, ಮೇಲೊಂದು ಅಡ್ಡಗಲ್ಲು.

ಮೊನ್ನೆ ಪಂಚಾಯ್ತಿಯವರು, ಅಲ್ಲೊಂದು ಬೋರ್ಡು ನಿಲ್ಲಿಸುತ್ತೇವೆ, ಕೋಟೆಯ ಚರಿತ್ರೆ ಬರೆದುಕೊಡಿ ಎಂದು ನಿವೃತ್ತ ಮೇಷ್ಟರಾದ ನನ್ನನ್ನು ಕೇಳಿದರು. ಅದೇ ವಾರ ನೆರೆಮನೆಯ ತಿಮ್ಮೇಗೌಡ ತನ್ನ ಹೊಸ ಮನೆಯ ಮೆಟ್ಟಿಲಿಗೆಂದು ಆ ಅಡ್ಡಗಲ್ಲಿನ ಮೇಲೆ ಕಣ್ಣು ಹಾಕಿದ. ಸರಪಳಿ ಹೇರಿಕೊಂಡು ಅವನ ಟ್ರ್ಯಾಕ್ಟರು ಹೊಳೆಯ ಕಡೆ ಹೊರಟದ್ದನ್ನು ಕಂಡು ಜಗಲಿಯಿಂದಲೇ ಕೂಗಿ ನಿಲ್ಲಿಸಿದೆ. ಅದೂ ಹೋದರೆ ಬೋರ್ಡು ಬರೀ ಹುಲ್ಲಿನ ಚರಿತ್ರೆ ಹೇಳಬೇಕಾದೀತು ಎಂದೆ. ಅವನು ಇಂಜಿನ್ ಆರಿಸಿ, ನನ್ನ ಲೋಟವನ್ನೊಮ್ಮೆ ನೋಡಿ, ಸಾವಕಾಶವಾಗಿ ಕೇಳಿದ:

"ನೀವು ಕುಂತಿರೋ ಕಲ್ಲು ಯಾವ ಬೆಟ್ಟದಿಂದ ಬಂತು ಮೇಷ್ಟ್ರೇ?"

ಇಷ್ಟು ವರ್ಷ ಪಾಠ ಹೇಳಿದ ನನಗೆ ಇಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಒಳಗೆ ಹೋಗಿ, ಬೋರ್ಡಿಗೆಂದು ಬರೆದಿಟ್ಟಿದ್ದ ಶೌರ್ಯದ ಪುಟವನ್ನು ಬದಿಗಿಟ್ಟು, ಹೊಸ ಹಾಳೆಯಲ್ಲಿ ನಾಲ್ಕು ಸಾಲು ಗೀಚಿ ತಂದು ಗಂಭೀರವಾಗಿ ಓದಿದೆ. ಈ ಕೋಟೆಯನ್ನು ಶತ್ರುಗಳು ಗೆಲ್ಲಲಿಲ್ಲ, ಊರವರು ಗೆದ್ದರು. ಮೊದಲನೆಯವರು ನಮ್ಮಜ್ಜ, ಜಗಲಿಕಲ್ಲಿನ ಸಮೇತ. ಎರಡನೆಯವರು ತಿಮ್ಮೇಗೌಡನ ತಂದೆ, ಕೊಟ್ಟಿಗೆಯ ಹಾಸುಗಲ್ಲುಗಳ ಸಮೇತ. ಅಪ್ಪನಿಗೆ ಬಿರುದು ಬಂದಂತೆ ಗೌಡನ ಮುಖ ಅರಳಿತು. ಕೊನೆಯ ಸಾಲು: ಉಳಿದಿದ್ದ ಹೊಳೆಬಾಗಿಲನ್ನೂ ಕಿತ್ತು ಕೋಟೆಯನ್ನು ಇಲ್ಲವಾಗಿಸಿದವರು. ಮುಂದೆ ಹೆಸರಿನ ಜಾಗ ಖಾಲಿ.

ಗೌಡ ಟ್ರ್ಯಾಕ್ಟರಿನ ಕೀಲಿಗೆ ಕೈ ಹಾಕಿದ.

"ನಮ್ಮಪ್ಪನ ಹೆಸ್ರು ಇರ್ಲಿ ಮೇಷ್ಟ್ರೇ. ನಂದು ಬ್ಯಾಡ."

ಟ್ರ್ಯಾಕ್ಟರು ಖಾಲಿ ಸರಪಳಿಯನ್ನು ಗಲಗಲ ಅನ್ನಿಸುತ್ತ ಮನೆಯತ್ತ ತಿರುಗಿತು. ನನಗೆ ತಿಳಿದಮಟ್ಟಿಗೆ, ಆ ಕೋಟೆ ತನ್ನ ಆಯುಷ್ಯದಲ್ಲೇ ಹಿಮ್ಮೆಟ್ಟಿಸಿದ ಮೊದಲ ದಂಡು ಅದು.