ಬೆಟ್ಟಮ್ಮನ ಹೆಸರು ಮುಂದೆ ಬಂದದ್ದು

ಅರಕೆರೆಯ ಬೆಟ್ಟಮ್ಮನಿಗೆ ಈಗ ಎಪ್ಪತ್ತೊಂದು. ಗಂಡ ಜವರಯ್ಯ ತೀರಿಕೊಂಡ ವರ್ಷವೇ ಆಲೆಮನೆಯ ಕೊಪ್ಪರಿಗೆ ಅವಳ ಪಾಲಿಗೆ ಬಂತು. ಹೆಂಗಸು ಪಾಕದ ಹದ ನೋಡುವುದುಂಟೆ ಎಂದು ಊರವರು ಒಂದು ವರ್ಷ ಆಡಿಕೊಂಡರು. ಮರುವರ್ಷ ಆಡಿಕೊಂಡವರೇ ಕಬ್ಬಿನ ಗಾಡಿ ತಂದು ಅವಳ ಅಂಗಳದಲ್ಲಿ ಇಳಿಸಿದರು. ಕುದಿಯುವ ಪಾಕದಿಂದ ಒಂದು ಹನಿ ತೆಗೆದು ನೀರಿನ ಬಟ್ಟಲಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ, ಬಟ್ಟಲಿನ ಅಂಚಿಗೆ ತಟ್ಟುವಳು. ಟಣ್ ಎಂದು ಸದ್ದಾದರೆ ಕೊಪ್ಪರಿಗೆ ಇಳಿಸಬೇಕು. ಆಗದಿದ್ದರೆ ಎಷ್ಟು ಹೊತ್ತಾದರೂ ಕಾಯಬೇಕು. ಅವಳು ಕಾಯುತ್ತಿದ್ದಳು.

ಬೇರೆ ಆಲೆಮನೆಗಳಲ್ಲಿ ಪಾಕಕ್ಕೆ ಒಂದು ಹಿಡಿ ಬಿಳಿ ಪುಡಿ ಬೀಳುತ್ತಿತ್ತು. ಬೆಲ್ಲ ಚಿನ್ನದಂತೆ ಹೊಳೆಯುತ್ತಿತ್ತು. ಬೆಟ್ಟಮ್ಮ ಪುಡಿ ಮುಟ್ಟಿದವಳಲ್ಲ. ಬೆಂಡೆಗಿಡದ ಕಾಂಡ ಜಜ್ಜಿ, ನೀರಲ್ಲಿ ಕಿವುಚಿ, ಆ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಬಿಟ್ಟು ಕೊಳೆ ಮೇಲೆತ್ತಿ ತೆಗೆಯುವಳು. ಅವಳ ಬೆಲ್ಲ ಹುಣಸೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಬೆಲ್ಲದ ಮಂಡಿಯಲ್ಲಿ ಅದು ಮೂರನೆಯ ದರ್ಜೆ.

"ಒಂದು ಚೂರು ಬಾಯ್ಗಾಕಿ ನೋಡ್ರಪ್ಪ" ಎಂದು ಒಮ್ಮೆ ಕೇಳಿದ್ದಳು.

"ಬಾಯ್ಗಾಕಂಡು ಕೂತ್ರೆ ಸಂಜೆ ಆಯ್ತದೆ ಕಣವ್ವ. ಬಣ್ಣ ನೋಡ್ತೀವಿ, ನಂಬರ್ ಆಕ್ತೀವಿ" ಎಂದಿದ್ದ ಅಲ್ಲಿಯವನು.

ಮತ್ತೆ ಅವಳು ಕೇಳಲಿಲ್ಲ.

ಇಂಥ ಆಲೆಮನೆಗೆ ಒಂದು ಬೆಳಿಗ್ಗೆ ತಿಮ್ಮರಾಜು ಬೈಕಿನಲ್ಲಿ ಬಂದ. ಕೆ.ಆರ್. ಪೇಟೆ ಕಡೆಯ ಶೀಳನೆರೆಯವನು. ಪಾಂಡವಪುರದ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಬೆಂಡೆಯ ಲೋಳೆ ಕೊಳೆಯನ್ನು ಹೇಗೆ ಎತ್ತುತ್ತದೆ, ಎಷ್ಟು ಲೋಳೆಗೆ ಎಷ್ಟು ಕೊಳೆ, ಎಷ್ಟು ಬಿಸಿಯಲ್ಲಿ, ಇದನ್ನೆಲ್ಲ ಅಳೆದು ಬರೆಯಬೇಕು ಎಂದ.

"ಬರ್ದು?" ಎಂದು ಕೇಳಿದಳು ಬೆಟ್ಟಮ್ಮ.

"ಬರ್ದ್ರೆ ಎಲ್ರಿಗೂ ಗೊತ್ತಾಯ್ತದೆ ದೊಡ್ಡವ್ವ. ಪುಡಿ ಇಲ್ದೆ ಬೆಲ್ಲ ಮಾಡ್ಬೋದು ಅಂತ."

"ಅದು ನಂಗೆ ಗೊತ್ತದೆ. ಎಲ್ರಿಗೂ ಬೇಕು ಅಂತ ಯಾರು ಅಂದ್ರು ನಿಮ್ಗೆ?"

ಆದರೂ ಕೂರಲು ಮಣೆ ಕೊಟ್ಟಳು. ಮೊದಲ ವರ್ಷ ಅವನಿಗೆ 'ನೀವು' ಅನ್ನುತ್ತಿದ್ದವಳು ಮೂರನೆಯ ವರ್ಷಕ್ಕೆ 'ನೀನು' ಅನ್ನತೊಡಗಿದಳು. ಅದಕ್ಕೊಂದು ಕಾರಣವಿತ್ತು. ಅವನು ಗಾಜಿನ ಕಡ್ಡಿಯೊಂದನ್ನು ಪಾಕಕ್ಕೆ ಇಳಿಬಿಟ್ಟು ಬಿಸಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಎರಡು ವರ್ಷ ಬೆಟ್ಟಮ್ಮ ಸುಮ್ಮನೆ ನೋಡಿದಳು. ಆಮೇಲೆ ಒಂದು ದಿನ ಬಾಯಿಬಿಟ್ಟಳು.

"ಮೇಷ್ಟ್ರೇ, ನಿಮ್ಮ ಕಡ್ಡಿ ದಿನಾ ಒಂದೇ ಅಂಕಿ ಏಳ್ತದೆ. ನನ್ನ ಬೆಲ್ಲ ಒಂದಿನ ಗಟ್ಟಿ, ಒಂದಿನ ಮೆತ್ಗೆ. ಇಬ್ರಲ್ಲಿ ಒಬ್ರು ಸುಳ್ಳು ಏಳ್ತಾ ಇವ್ರೆ. ನಾನಂತೂ ಅಲ್ಲ."

ಇಬ್ಬರೂ ಕೂತು ನೋಡಿದರು. ಕಡ್ಡಿಯ ತುದಿ ಕೊಪ್ಪರಿಗೆಯ ತಳಕ್ಕೆ ತಾಗುತ್ತಿತ್ತು. ಅದು ಅಳೆದದ್ದು ಪಾಕದ ಬಿಸಿಯನ್ನಲ್ಲ, ಕಬ್ಬಿಣದ ಬಿಸಿಯನ್ನು. ತಿಮ್ಮರಾಜು ಕಡ್ಡಿ ತೆಗೆದು ಪಕ್ಕಕ್ಕಿಟ್ಟ. ಎರಡು ವರ್ಷದ ನೋಟ್‌ಬುಕ್ಕುಗಳು ಮಡಿಲಲ್ಲಿದ್ದವು.

"ಈಗೇನ್ಮಾಡನ ದೊಡ್ಡವ್ವ?"

"ಒಲೆಗಾಕ್ಬುಡಿ. ಸುಳ್ಳು ಮನೇಲಿದ್ರೆ ಒಂದಿನ ಕೈಗ್ ಸಿಕ್ಬುಡ್ತದೆ."

ಅವನು ಹಾಕಿಯೇಬಿಟ್ಟ. ಕಬ್ಬಿನ ಸಿಪ್ಪೆಯ ಜೊತೆ ನೋಟ್‌ಬುಕ್ಕುಗಳೂ ಉರಿದವು. ಅವತ್ತಿನಿಂದ ಅವನು ಅವಳಿಗೆ 'ನೀನು' ಆದ. ಕಡ್ಡಿಯನ್ನು ಸೂರಿನ ತೊಲೆಯಿಂದ ದಾರದಲ್ಲಿ ತೂಗುಬಿಟ್ಟು, ಪಾಕದ ನಡುಮಧ್ಯೆ ನಿಲ್ಲುವಂತೆ ಮಾಡಿದ್ದು ಬೆಟ್ಟಮ್ಮ. ಮತ್ತೆ ನಾಲ್ಕು ವರ್ಷ ಅಳತೆ ನಡೆಯಿತು.

ಆ ಆರು ವರ್ಷದಲ್ಲಿ ತಿಮ್ಮರಾಜುವಿನ ಪಕ್ಕದ ಮೇಜಿನ ದಿಲೀಪ್ ಹದಿನೆಂಟು ಲೇಖನ ಪ್ರಕಟಿಸಿದ. ಬೆಳಗೊಳದ ಬಾವಿನೀರಿನ ಮೇಲೆಯೇ ಐದು. ಬೆಳಗೊಳಕ್ಕೆ ಅವನು ಹೋದದ್ದು ಒಂದೇ ಸಲ, ಅದೂ ಯಾರದೋ ನಾಮಕರಣಕ್ಕೆ. ಹಣ ಕಟ್ಟಿದರೆ ವಾರದೊಳಗೆ ಅಚ್ಚುಹಾಕಿ ಕೊಡುವ ಪತ್ರಿಕೆಯೊಂದು ಅವನಿಗೆ ಪರಿಚಯವಿತ್ತು. ಅವನ ಲೇಖನಗಳನ್ನು ಅರವತ್ತು ಕಡೆ ಬೇರೆಯವರು ಉಲ್ಲೇಖಿಸಿದ್ದಾರೆಂದು ತಿಮ್ಮರಾಜು ಒಮ್ಮೆ ಹೇಳಿದಾಗ ಬೆಟ್ಟಮ್ಮನಿಗೆ ಅರ್ಥವಾಗಲಿಲ್ಲ.

"ಉಲ್ಲೇಖ ಅಂದ್ರೆ?"

"ಇವ್ನು ಬರ್ದಿದ್ರಲ್ಲಿ ಅವ್ನ ಎಸ್ರು ಏಳ್ತಾನೆ, ಅವ್ನು ಬರ್ದಿದ್ರಲ್ಲಿ ಇವ್ನ ಎಸ್ರು. ಎಷ್ಟು ಜನ ಏಳುದ್ರು ಅಂತ ಎಣಿಸ್ತಾರೆ."

"ಮುಯ್ಯಿ ಅನ್ನು. ಅವ್ರ ಮದ್ವೇಲಿ ಇವ್ರು ದುಡ್ಡು ಓದ್ಸಿದ್ದು, ಇವ್ರ ಮದ್ವೇಲಿ ಅವ್ರು ಓದ್ಸದು. ನಿಂಗೆ ಎಷ್ಟು ಬಂದದೆ?"

"ಇನ್ನೂ ಏನೂ ಬರ್ದಿಲ್ವಲ್ಲ ದೊಡ್ಡವ್ವ."

ಕೊನೆಗೂ ಬರೆದ. ಬರೆದದ್ದನ್ನು ಹಣ ಕೇಳದ ಪತ್ರಿಕೆಗೆ ಕಳಿಸಿದ. ಅಲ್ಲಿ ಮುಖ ಕಾಣದ ಮೂವರು ಅದನ್ನು ಓದಿ ಎರಡು ಸಲ ವಾಪಸು ಕಳಿಸಿದರು. ಬೆಂಡೆ ಎಳೆಯದಾದರೆ ಏನಾಗುತ್ತದೆ, ಬಲಿತದ್ದಾದರೆ ಏನಾಗುತ್ತದೆ ಎಂದು ಕೇಳಿದ್ದರು. ಬೆಟ್ಟಮ್ಮನಿಗೆ ಆ ಮೂವರ ಮೇಲೆ ಗೌರವ ಬಂತು. "ಪಾಕದ ಮುಂದೆ ಕೂತಿದ್ದೋರೇ ಇರ್ಬೇಕು ಕಣಪ್ಪ" ಎಂದಳು. ಮತ್ತೆ ಅಳೆದರು, ಮತ್ತೆ ಕಳಿಸಿದರು. ಹದಿನಾಲ್ಕು ತಿಂಗಳಿಗೆ ಲೇಖನ ಪ್ರಕಟವಾಯಿತು.

ಎಡವಿದ್ದು ಇಲ್ಲಿ. ಲೇಖನದ ಮೇಲೆ ಹೆಸರು ಹಾಕುವಾಗ ತಿಮ್ಮರಾಜು ತನಗೆ ಗೊತ್ತಿದ್ದ ಒಂದೇ ಪದ್ಧತಿ ಅನುಸರಿಸಿದ. ಮದುವೆ ಕಾಗದದಲ್ಲಿ ಮನೆಯ ಹಿರಿಯರ ಹೆಸರು ಮೊದಲು, ಆಮೇಲೆ ಉಳಿದವರದು, ಓಡಾಡಿ ಕೆಲಸ ಮಾಡಿದವನದು ಕೊನೆಗೆ. ಹಾಗಾಗಿ ಮೊದಲು ಬೆಟ್ಟಮ್ಮ. ಆಮೇಲೆ, ಪ್ರಯೋಗಶಾಲೆಯ ಬೀಗ ತೆಗೆಸಿಕೊಡುತ್ತಿದ್ದ ನಿವೃತ್ತ ಮೇಷ್ಟ್ರು ಅನಂತರಾಮು. ಕೊನೆಗೆ ಅವನು. ಬೆಟ್ಟಮ್ಮನ ಸೊಸೆ ಪ್ರಮೀಳಾ ಅಚ್ಚಾದ ಹಾಳೆ ನೋಡಿ, "ನಮ್ಮತ್ತೆ ಎಸ್ರು ಇಂಗ್ಲಿಷ್ನಲ್ಲಿ ಬಂದದೆ, ರೇಷನ್ ಕಾರ್ಡಲ್ಲೇ ಸರ್ಯಾಗಿ ಬಂದಿಲ್ಲ" ಎಂದು ನಕ್ಕಳು.

ಮೂರು ತಿಂಗಳಿಗೆ ಕಾಲೇಜಿನಲ್ಲಿ ಬಡ್ತಿಯ ಸಮಿತಿ ಕೂರುವುದೆಂದಾಯಿತು. ತಿಮ್ಮರಾಜು ಹಿಂದೆ ಒಂದು ಸಲ ಬಿದ್ದಿದ್ದ. ಮೂರು ಸಲ ಬಿದ್ದವರನ್ನು ಖಾಯಂ ಹುದ್ದೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಆಡಳಿತ ಮಂಡಳಿ ನೋಟಿಸು ಹಚ್ಚಿತ್ತು. ಅಂಕ ಹಾಕುವ ನಮೂನೆ ದಿಲೀಪನ ಕೈಯಲ್ಲಿತ್ತು. ಕೆಟ್ಟ ಮನುಷ್ಯನಲ್ಲ, ನಮೂನೆ ತುಂಬುವುದರಲ್ಲಿ ಅವನಷ್ಟು ಶ್ರದ್ಧೆ ಬೇರೆಯವರಿಗಿರಲಿಲ್ಲ. ನಮೂನೆಯ ಪ್ರಕಾರ ಲೇಖನದ ಅಂಕದಲ್ಲಿ ಮುಕ್ಕಾಲು ಪಾಲು ಮೊದಲ ಹೆಸರಿನವರಿಗೆ, ಉಳಿದದ್ದು ಮಿಕ್ಕವರಿಗೆ ಹಂಚಿಕೆ. ಲೆಕ್ಕ ಮಾಡಿ ನೋಡಿದರೆ ಬಡ್ತಿಗೆ ಹತ್ತಿರವಾಗಿದ್ದವಳು ಬೆಟ್ಟಮ್ಮ.

"ಏನ್ಲಾ ತಿಮ್ಮ, ನೀನು ಮಾಡಿರದು?" ಎಂದ ದಿಲೀಪ್. "ನಿನ್ ಎಸ್ರು ಮುಂದಕ್ಕಾಕ್ಕಳಕೆ ಆ ಮುದುಕಿ ಬ್ಯಾಡ ಅಂತಿದ್ಲಾ?"

"ಇರೀಕ್ರು ಕಣ್ಲಾ."

"ಇರೀಕ್ರನ್ನ ಮನೇಲಿ ಕೂರ್ಸು, ಕೈಮುಗಿ. ಲೇಖನದ ತಲೆ ಮ್ಯಾಲೆ ಯಾಕ್ಲಾ ಕೂರ್ಸ್ದೆ?"

ದಿಲೀಪನೇ ದಾರಿಯನ್ನೂ ಹುಡುಕಿದ. ಬೆಟ್ಟಮ್ಮ ಒಂದು ಪತ್ರಕ್ಕೆ ಸಹಿ ಹಾಕಿದರೆ ಸಾಕು, ಪೂರ್ತಿ ಅಂಕ ತಿಮ್ಮರಾಜುವಿಗೆ ಬರುವಂತೆ ಸಮಿತಿಯನ್ನು ಒಪ್ಪಿಸುತ್ತೇನೆ ಎಂದ. ಪತ್ರವನ್ನೂ ಅವನೇ ಬರೆದ. ತಿಮ್ಮರಾಜು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಆಲೆಮನೆಗೆ ಬಂದು, ಅರ್ಧ ದಿನ ಕೂತು, ಹೊರಡುವ ಹೊತ್ತಿಗೆ ತೆಗೆದುಕೊಟ್ಟ.

ಬೆಟ್ಟಮ್ಮ ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ವಯಸ್ಕರ ಶಾಲೆಯಲ್ಲಿ. ಓದುವಾಗ ಬೆರಳು ಅಕ್ಷರದ ಕೆಳಗೆ ತೆವಳುತ್ತಿತ್ತು. ಒಂದು ಅಕ್ಷರವನ್ನೂ ಬಿಡುತ್ತಿರಲಿಲ್ಲ. "ಈ ಲೇಖನದಲ್ಲಿ ನನ್ನ ಬೌದ್ಧಿಕ ಕೊಡುಗೆ ಏನೂ ಇರುವುದಿಲ್ಲ. ನಾನು ಬೆಲ್ಲ ಒದಗಿಸಿದ್ದೇನೆ ಅಷ್ಟೆ. ನನ್ನ ಹೆಸರು ಕಣ್ತಪ್ಪಿನಿಂದ ಮೊದಲು ಸೇರಿರುತ್ತದೆ."

"ಬೌದ್ಧಿಕ ಅಂದ್ರೇನಪ್ಪ?"

"ಬುದ್ಧಿದು, ದೊಡ್ಡವ್ವ."

"ಅಂದ್ರೆ ನಂಗೆ ಬುದ್ಧಿ ಇರ್ನಿಲ್ಲ ಅಂತ ನಾನೇ ಬರ್ಕೊಡ್ಬೇಕು."

"ಬ್ಯಾಡ ಬುಡಿ. ತಪ್ಪಾಯ್ತು, ಕೊಡಿ ಇಲ್ಲಿ."

"ತಾಳು. ಬುದ್ಧಿದು ನನ್ ವಿಚಾರ, ಬೇಕಾರೆ ಬರ್ಕೊಡ್ತೀನಿ. ಕಣ್ತಪ್ಪಿ ಸೇರ್ಕಂಡದೆ ಅಂದವ್ರಲ್ಲ, ಅದು ಸುಳ್ಳು. ನೀನು ಕಣ್ಬುಟ್ಕಂಡೇ ಸೇರ್ಸಿದ್ದು. ನಡ್ದಿದ್ದೇನು ಅಂತ, ಕಾಗ್ದ ಕೇಳ್ತಾ ಇರೋರ ಮುಂದೇನೆ ನಾನು ಬರ್ಕೊಡ್ತೀನಿ. ನಿಂಗೆ ಬಡ್ತಿ ಸಿಗ್ಬೇಕು, ಅಷ್ಟೇ ತಾನೆ?"

ಸಮಿತಿಯ ದಿನ ಬೆಟ್ಟಮ್ಮ ಒಗೆದಿಟ್ಟ ಸೀರೆಯುಟ್ಟು ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಪಾಂಡವಪುರಕ್ಕೆ ಹೋದಳು. ಕೋಣೆಯಲ್ಲಿ ಪ್ರಿನ್ಸಿಪಾಲರು, ಮೈಸೂರಿನಿಂದ ಬಂದ ಪರಿಣತೆ ಪ್ರಿಯಂವದಾ, ಫೈಲು ಹಿಡಿದ ದಿಲೀಪ್ ಇದ್ದರು. ತಿಮ್ಮರಾಜು ಗೋಡೆಯ ಪಕ್ಕ ನಿಂತಿದ್ದ. ಮೇಜಿನ ಮೇಲೆ ಲೇಖನ ಇತ್ತು. ಅದರ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು.

"ಇದ್ನ ಓದುದ್ರಾ ತಾಯಿ?" ಎಂದು ಬೆಟ್ಟಮ್ಮ ಪ್ರಿಯಂವದಾ ಅವರನ್ನು ಕೇಳಿದಳು.

"ಓದೋದು ನಮ್ಮ ಕೆಲಸ ಅಲ್ಲಮ್ಮ. ಓದಿ ನೋಡೋರು ಪತ್ರಿಕೆಯಲ್ಲೇ ಇರ್ತಾರೆ. ನಾವು ಪತ್ರಿಕೆಯ ನಂಬರ್ ನೋಡಿ ಅಂಕ ಹಾಕ್ತೀವಿ. ಈ ಮೇಷ್ಟ್ರ ಪತ್ರಿಕೆ ನಂಬರ್ ಚೆನ್ನಾಗಿದೆ. ತೊಂದರೆ ನಿಮ್ಮ ಹೆಸರಿಂದ ಮಾತ್ರ."

ಆಕೆ ಮೃದುವಾಗಿಯೇ ಹೇಳಿದರು. ಬೆಟ್ಟಮ್ಮ ಒಂದು ಹಾಳೆ, ಒಂದು ಪೆನ್ನು ಕೇಳಿ ಇಸಿದುಕೊಂಡಳು. ಬರೆಯಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಸಮಿತಿಯವರು ಕಾಫಿ ಕುಡಿದು ಇನ್ನೊಬ್ಬರ ಇಪ್ಪತ್ತೆರಡು ಲೇಖನಕ್ಕೆ ಅಂಕ ಹಾಕಿ ಮುಗಿಸಿದರು. ಬೆಟ್ಟಮ್ಮ ಬರೆದದ್ದು ಇಷ್ಟು:

"ಬೆಂಡೆ ಯಾವಾಗ ಹಾಕಬೇಕು ಎಂದು ಹೇಳಿದ್ದು ನಾನು. ಅಳೆದದ್ದು ಬರೆದದ್ದು ತಿಮ್ಮರಾಜು. ಮೊದಲ ಎರಡು ವರ್ಷ ಅಳತೆ ತಪ್ಪಿತ್ತು. ಆ ಪುಸ್ತಕ ಒಲೆಗೆ ಹಾಕಿಸಿದೆ. ಆಮೇಲಿನ ನಾಲ್ಕು ವರ್ಷ ಸರಿ. ಯಾರ ಹೆಸರು ಮುಂದೆ ಇದ್ದರೂ ನನಗೆ ಬೇಜಾರಿಲ್ಲ. ಇದು ನಿಜ. ಬೆಟ್ಟಮ್ಮ."

ಪ್ರಿಯಂವದಾ ಓದಿದರು. ನಾಲ್ಕನೆಯ ಸಾಲಿಗೆ ಅವರ ಕಣ್ಣು ನಿಂತಿತು.

"ಎರಡು ವರ್ಷದ ದಾಖಲೆ ಸುಟ್ಟಿದ್ದೀರಾ?"

"ಊಂ ತಾಯಿ. ತಪ್ಪಿತ್ತಲ್ಲ, ಅದ್ಕೆ."

"ತಪ್ಪಿತ್ತು ಅನ್ನೋದಕ್ಕೆ ದಾಖಲೆ?"

"ಅದೇ ಸುಟ್ಟೋಯ್ತಲ್ಲ."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. ದಿಲೀಪ್ ತಲೆ ತಗ್ಗಿಸಿ ಫೈಲಿನಲ್ಲಿ ಒಂದು ಸಾಲು ಬರೆದ. ಮೂಲ ದಾಖಲೆ ನಾಶಪಡಿಸಿರುವುದಾಗಿ ಮೊದಲ ಲೇಖಕಿಯೇ ಒಪ್ಪಿರುವುದರಿಂದ ಸದರಿ ಲೇಖನವನ್ನು ಅಂಕಕ್ಕೆ ಪರಿಗಣಿಸಿಲ್ಲ. ತಿಮ್ಮರಾಜುವಿಗೆ ಬರಬೇಕಿದ್ದ ಚೂರು ಪಾಲೂ ಹೋಯಿತು. ಬೆಳಗೊಳದ ನೀರಿನ ಲೇಖನಗಳ ಬಗ್ಗೆ ಇಂಥ ಪ್ರಶ್ನೆ ಏಳಲಿಲ್ಲ. ಅಲ್ಲಿ ಯಾವ ದಾಖಲೆಯನ್ನೂ ಸುಟ್ಟಿರಲಿಲ್ಲ, ಸುಡಲು ಏನಾದರೂ ಇರಬೇಕಲ್ಲ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬೆಟ್ಟಮ್ಮ ಕೈ ಕಟ್ಟಿ ಕೂತಳು. ಅವಳ ಮುಖ ಇಷ್ಟು ಸಣ್ಣಗಾದದ್ದನ್ನು ತಿಮ್ಮರಾಜು ನೋಡಿರಲಿಲ್ಲ.

"ನಾನು ಬಂದು ಕೆಡಿಸ್ಬುಟ್ನಲ್ಲಪ್ಪ."

"ನೀವೇನು ಸುಳ್ಳು ಬರ್ದ್ರಾ ದೊಡ್ಡವ್ವ?"

"ಇಲ್ಲ. ಅದೇ ಯೋಚ್ನೆ ಮಾಡ್ತಾ ಇವ್ನಿ."

ಅದೇ ತಿಂಗಳು ಕಾಲೇಜಿಗೆ ಮೌಲ್ಯಮಾಪನದ ತಂಡ ಬಂದಾಗ, ಪರಿಗಣಿಸದ ಅದೇ ಲೇಖನವನ್ನು ಚೌಕಟ್ಟು ಹಾಕಿಸಿ ಬಾಗಿಲ ಹತ್ತಿರ ತೂಗುಹಾಕಿದ್ದರು. ಕಾಲೇಜಿಗೆ ಅದರಿಂದ ಒಂದು ದರ್ಜೆ ಹೆಚ್ಚು ಸಿಕ್ಕಿತಂತೆ.

ತಿಮ್ಮರಾಜುವಿಗೆ ಉಳಿದದ್ದು ಒಂದೇ ಅವಕಾಶ. ದಿಲೀಪ್ ಅವನನ್ನು ಕ್ಯಾಂಟೀನಿಗೆ ಕರೆದೊಯ್ದು ಬಿಡಿಸಿ ಹೇಳಿದ. ನಾಲ್ಕು ವರ್ಷದ ನೋಟ್‌ಬುಕ್ಕಿದೆ, ಬಿಸಿಗೊಂದು, ಬಣ್ಣಕ್ಕೊಂದು, ಕೊಳೆಗೊಂದು ಎಂದು ಕುಯ್ದು ಮೂರು ಮಾಡು, ನನ್ನ ಪತ್ರಿಕೆಗೆ ಕಳಿಸು, ಒಂದು ತಿಂಗಳು ಸಾಕು. ತಿಮ್ಮರಾಜು ಎರಡು ವಾರದವರೆಗೆ ಅದು ತನ್ನಿಂದ ಆಗುವುದಿಲ್ಲ ಎನ್ನುತ್ತಿದ್ದ. ಮೂರನೆಯ ವಾರ ಆಲೆಮನೆಗೆ ಬಂದು ಬೆಟ್ಟಮ್ಮನ ಒಪ್ಪಿಗೆ ಕೇಳಿದ.

"ಒಂದು ಕೊಪ್ಪರಿಗೆ ಪಾಕನ ಮೂರು ಸಲ ಇಳಿಸಕಾದದಾ?" ಎಂದಳು ಅವಳು.

"ಆಗಕಿಲ್ಲ. ಗೊತ್ತು. ಆದ್ರೆ ಮನೇಲಿ ಎಂಡ್ರು ಮಕ್ಳು..."

ಅವಳು ಪಾಕದಿಂದ ಕಣ್ಣು ಕೀಳಲಿಲ್ಲ. ಒಂದು ಹನಿ ತೆಗೆದು ನೀರಿಗೆ ಬಿಟ್ಟು ತಟ್ಟಿದಳು. ಇನ್ನೂ ಆಗಿರಲಿಲ್ಲ.

"ಮಾಡು. ಬ್ಯಾಡ ಅನ್ನಕಿಲ್ಲ. ನನ್ ಎಸ್ರು ಮಾತ್ರ ಅದ್ರಲ್ಲಿ ಬ್ಯಾಡ."

ಅವಳ ಹೆಸರು ಇಲ್ಲದ್ದರಿಂದ ಅವನ ಹೆಸರೇ ಮೊದಲಾಯಿತು. ಮೂರೂ ಲೇಖನಕ್ಕೆ ಪೂರ್ತಿ ಅಂಕ ಬಂತು. ಮುಂದಿನ ಸಮಿತಿಯಲ್ಲಿ ತಿಮ್ಮರಾಜು ಹತ್ತು ನಿಮಿಷದಲ್ಲಿ ಪಾಸಾದ. ಸಂಶೋಧನೆಯ ಗುಣಮಟ್ಟದಲ್ಲಿ ಗಮನಾರ್ಹ ಪ್ರಗತಿ ಎಂದು ಸಮಿತಿ ಷರಾ ಬರೆಯಿತು.

ಮರುದಿನ ಬೆಳಿಗ್ಗೆ ಅವನು ಆಲೆಮನೆಗೆ ಬಂದು ಅವಳ ಕಾಲು ಮುಟ್ಟಿದ. ಬೆಟ್ಟಮ್ಮನಿಗೆ ನಿಜವಾಗಿಯೂ ಸಂತೋಷವಾಯಿತು. ಅವನ ಹೆಂಡತಿ, ಮಕ್ಕಳು, ಸಂಬಳ ಎಲ್ಲ ವಿಚಾರಿಸಿದಳು. ಆಮೇಲೆ ಕೈ ಒರೆಸಿಕೊಂಡು ಮಣೆಯ ಮೇಲೆ ಕೂತಳು.

"ಆ ಮೂರ್ನ ಯಾರಾರು ಓದವ್ರಾ?"

"ಇಲ್ಲ ದೊಡ್ಡವ್ವ. ಒಬ್ರೂ ಓದಿಲ್ಲ."

"ಸದ್ಯ ಬುಡು" ಎಂದಳು ಬೆಟ್ಟಮ್ಮ.